ಕಡಲು ಒಳಗೆ ಬರುವ ಮೊದಲು ಮನೆಯವರು ಹೊರಗೆ ಬರಬೇಕು

ಮೇ ತಿಂಗಳು ಬಂತೆಂದರೆ ಪದ್ಮನಾಭನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆ ಇರುವ ನಮ್ಮ ಬ್ಯಾರಿ ಕುಟುಂಬಗಳಲ್ಲಿ ಎರಡು ಮಾತು ಒಟ್ಟಿಗೆ ಶುರುವಾಗುತ್ತದೆ. ಮಕ್ಕಳ ರಜೆಗೆ ಊರಿಗೆ ಹೋಗುವ ಬಸ್ಸಿನ ಮಾತು ಒಂದು. ಅರಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿದೆಯಂತೆ ಎಂಬ ಸುದ್ದಿ ಇನ್ನೊಂದು. ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ ಇರುವ ಊರು. ಇಲ್ಲಿಗೆ ಕಡಲು ಬರುವುದಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರ ಉಮ್ಮ, ಬಾಪ, ತಂಗಿಯ ಮನೆ, ಗಲ್ಫಿನ ದುಡಿಮೆಯಲ್ಲಿ ಕಟ್ಟಿಸಿದ ಮನೆ ಇರುವುದು ಉಳ್ಳಾಲ, ಮುಕ್ಕಚ್ಚೇರಿ, ಕೋಟೆಪುರ, ಉಚ್ಚಿಲ, ಕಸಬಾ ಬೆಂಗ್ರೆಯಂಥ ಜಾಗದಲ್ಲಿ. ಕಡಲು ಮತ್ತು ಮನೆಯ ಮಧ್ಯೆ ಕೆಲವು ತೆಂಗಿನ ಮರ ಬಿಟ್ಟರೆ ಬೇರೇನೂ ಇಲ್ಲದ ಜಾಗ.

ಇಂಥ ಮನೆಯಲ್ಲಿ ಚಂಡಮಾರುತದ ದಿನ ಎಂತ ಮಾಡಬೇಕು, ಯಾರು ಮಾಡಬೇಕು, ಯಾವಾಗ ಮಾಡಬೇಕು ಎಂಬುದನ್ನು ಶಾಂತವಾಗಿ ಕೂತು ಮಾತಾಡಿದ ಕುಟುಂಬಗಳು ಕಡಿಮೆ. ಸುದ್ದಿ ಬಂದಾಗ ಗಾಬರಿ, ಸುದ್ದಿ ಹೋದಾಗ ಮರೆವು. ಈ ಲೇಖನ ಆ ಮಾತುಕತೆ ಶುರುವಾಗಲಿ ಎಂದು ಬರೆದದ್ದು.

ಸಮುದ್ರ ಬದಲಾದದ್ದು ಎಷ್ಟು?

ನಮ್ಮ ಹಿರಿಯರು "ತೂಫಾನು ಬರುವುದು ಮದ್ರಾಸು, ಒಡಿಶಾ ಕಡೆಗೆ, ನಮ್ಮ ಕಡಲು ಹಾಗಲ್ಲ" ಎಂದು ಹೇಳುವುದುಂಟು. ಹಿಂದೆ ಇದು ಹೆಚ್ಚು ಕಡಿಮೆ ಸರಿಯಿತ್ತು. ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅರಬಿ ಸಮುದ್ರದಲ್ಲಿ ಚಂಡಮಾರುತ ಕಡಿಮೆ. ಆದರೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳುತ್ತದೆ. 2001ರಿಂದ 2019ರ ಅವಧಿಯಲ್ಲಿ ಅರಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಹಿಂದಿನದಕ್ಕಿಂತ ಶೇಕಡಾ 52ರಷ್ಟು ಹೆಚ್ಚಾಗಿದೆ. ತುಂಬಾ ತೀವ್ರವಾದವುಗಳ ಏರಿಕೆ ಅದಕ್ಕಿಂತಲೂ ಜಾಸ್ತಿ. ಕಾರಣ ಕಷ್ಟದ್ದಲ್ಲ: ಕಡಲಿನ ಮೇಲಿನ ನೀರು ಬಿಸಿಯಾಗಿದೆ, ಚಂಡಮಾರುತಕ್ಕೆ ಬಿಸಿ ನೀರೇ ಇಂಧನ.

ನೆನಪಿಗೆ ತಂದುಕೊಂಡರೆ ಪಟ್ಟಿ ನಮ್ಮ ಕಣ್ಣ ಮುಂದೆಯೇ ಉಂಟು. 2017ರ ಡಿಸೆಂಬರಿನಲ್ಲಿ ಓಖಿ. 2019ರ ಅಕ್ಟೋಬರಿನಲ್ಲಿ ಕ್ಯಾರ್. 2007ರ ಗೋನು ನಂತರ ಅರಬಿ ಸಮುದ್ರ ಕಂಡ ಸೂಪರ್ ಸೈಕ್ಲೋನ್ ಅದು. 2021ರ ಮೇ ತಿಂಗಳಲ್ಲಿ ತೌಕ್ತೆ. 2023ರ ಜೂನಿನಲ್ಲಿ ಬಿಪರ್‌ಜಾಯ್. ಇವುಗಳಲ್ಲಿ ಒಂದು ಕೂಡ ಕರ್ನಾಟಕದ ನೆಲಕ್ಕೆ ನೇರವಾಗಿ ಬಂದು ಅಪ್ಪಳಿಸಿಲ್ಲ. ತೌಕ್ತೆ ಮೇ 17ರ ರಾತ್ರಿ ಗುಜರಾತ್ ತೀರದಲ್ಲಿ ದಿಯು–ಊನಾ ಹತ್ತಿರ ನೆಲ ಮುಟ್ಟಿತು. ಬಿಪರ್‌ಜಾಯ್ ಕಛ್‌ನ ಜಖಾವು ಬಂದರಿನ ಹತ್ತಿರ. ನಮ್ಮ ತೀರಕ್ಕೆ ಸಮಾನಾಂತರವಾಗಿ, ದೂರದಿಂದಲೇ ಉತ್ತರಕ್ಕೆ ಹೋದದ್ದು. ಹಾಗಿದ್ದೂ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯಲ್ಲಿ ಮನೆ ಹೋಯಿತು, ರಸ್ತೆ ಹೋಯಿತು, ತೆಂಗು ಬುಡ ಸಮೇತ ಹೋಯಿತು. ದಾರಿಹೋಕ ಬಂದು ಇಷ್ಟು ಮಾಡಿ ಹೋದರೆ, ನೇರವಾಗಿ ನಮ್ಮ ಬಾಗಿಲಿಗೇ ಬಂದ ದಿನ ಹೇಗಿದ್ದೀತು ಎಂಬ ಪ್ರಶ್ನೆಯನ್ನು ದೂರ ಇಡುವಂತಿಲ್ಲ.

ಇನ್ನೊಂದು ವಿಷಯ. ಇದೇ ಸಮುದ್ರದ ಆಚೆ ದಡದಲ್ಲಿ ನಮ್ಮ ಗಂಡಸರು ದುಡಿಯುತ್ತಿದ್ದಾರೆ. 2007ರಲ್ಲಿ ಗೋನು, 2018ರಲ್ಲಿ ಸಲಾಲಾ ಕಡೆ ಮೆಕುನು, 2021ರ ಅಕ್ಟೋಬರಿನಲ್ಲಿ ಬಾತಿನಾ ತೀರಕ್ಕೆ ಶಾಹೀನ್, ಮೂರೂ ಒಮಾನಿಗೆ ಅಪ್ಪಳಿಸಿದವು. ಅಂದರೆ ಒಂದೇ ಕುಟುಂಬದ ಎರಡು ತುದಿಯೂ ಒಂದೇ ಕಡಲಿನ ಬಾಯಲ್ಲಿ ಇದೆ.

ಕೊಲ್ಲುವುದು ನೀರು

ಸೈಕ್ಲೋನ್, ಹರಿಕೇನ್, ಟೈಫೂನ್ ಎಲ್ಲ ಒಂದೇ ಜಾತಿಯ ಬಿರುಗಾಳಿ. ಹುಟ್ಟಿದ ಸಮುದ್ರದ ಮೇಲೆ ಹೆಸರು ಬೇರೆ. ಅಮೆರಿಕದಲ್ಲಾದರೂ ಬಾಂಗ್ಲಾದಲ್ಲಾದರೂ ದೊಡ್ಡ ಸಾವು ನೋವಿಗೆ ಮುಖ್ಯ ಕಾರಣ ನೀರು. ಜನ ಹೆದರುವುದು ಮಾತ್ರ ಗಾಳಿಗೆ. ಹೆಂಚು ಹಾರುವುದು ಕಣ್ಣಿಗೆ ಕಾಣುತ್ತದೆ, ಕಡಲಿನ ಮಟ್ಟವೇ ಮೇಲೆ ಬರುವುದು ಕತ್ತಲಲ್ಲಿ ಕಾಣುವುದಿಲ್ಲ.

ಇದಕ್ಕೆ ಕಡಲುಬ್ಬರ ಎನ್ನೋಣ. ಅದು ಹೇಗೆ ಆಗುತ್ತದೆ? ಚಂಡಮಾರುತದ ಗಾಳಿ ನೂರಾರು ಕಿಲೋಮೀಟರ್ ಅಗಲದ ನೀರನ್ನು ದಡಕ್ಕೆ ಒತ್ತುತ್ತದೆ. ನಡುವಿನಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಉಬ್ಬುತ್ತದೆ. ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ನೀರು ಹೆಚ್ಚು ಕಡಿಮೆ 1 ಸೆಂಟಿಮೀಟರ್ ಏರುತ್ತದೆ. ದಡದ ಹತ್ತಿರ ಆಳ ಕಡಿಮೆಯಾದಂತೆ ಒತ್ತಿ ಬಂದ ನೀರಿಗೆ ಹೋಗಲು ಜಾಗವಿಲ್ಲ, ಮೇಲಕ್ಕೆ ಬರುತ್ತದೆ. ಅದರ ಮೇಲೆ ಭರತ. ಭರತದ ಮೇಲೆ ತೆರೆ. ಸಮುದ್ರದ ನೀರು ಒಂದು ಘನ ಮೀಟರಿಗೆ ಒಂದು ಟನ್‌ಗಿಂತ ಹೆಚ್ಚು ತೂಗುತ್ತದೆ. ಅಂಥ ನೀರು ಕಲ್ಲು, ಮರದ ದಿಮ್ಮಿ, ದೋಣಿಯ ತುಂಡನ್ನು ಹೊತ್ತು ಬಂದು ಗೋಡೆಗೆ ಹೊಡೆದರೆ ಕೆಂಪು ಕಲ್ಲಿನ ಗೋಡೆ ಎಷ್ಟು ಹೊತ್ತು ನಿಂತೀತು? ಹರಿಯುವ ನೀರು ಪಾದ ಮುಳುಗುವಷ್ಟಿದ್ದರೂ ದೊಡ್ಡವರ ಕಾಲು ತಪ್ಪಿಸಬಹುದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು.

ಕರಾವಳಿಯಲ್ಲಿ ಭರತ ಇಳಿತದ ಲೆಕ್ಕ ನಮಗೆ ಹೊಸತಲ್ಲ. ಮೀನುಗಾರರು ಅಮಾವಾಸ್ಯೆ ಹುಣ್ಣಿಮೆ ಎನ್ನುತ್ತಾರೆ. ನಮ್ಮ ಮನೆಯ ಗೋಡೆಯಲ್ಲಿರುವ ಹಿಜರಿ ಕ್ಯಾಲೆಂಡರಿನಲ್ಲಿ ಅದೇ ಲೆಕ್ಕ ಇನ್ನೂ ಸುಲಭ. ತಿಂಗಳ ಮೊದಲ ಎರಡು ಮೂರು ದಿನ, ಮತ್ತೆ 14ರಿಂದ 17ರವರೆಗೆ ಭರತ ದೊಡ್ಡದು. 7 ಮತ್ತು 22ರ ಆಸುಪಾಸಿನಲ್ಲಿ ಸಣ್ಣದು. ಚಂಡಮಾರುತದ ಸುದ್ದಿ ಬಂದಾಗ ಮೊದಲು ನೋಡಬೇಕಾದದ್ದು ಇದು. 2017ರ ಡಿಸೆಂಬರ್ 2–3ರಂದು ಓಖಿ ನಮ್ಮಿಂದ ನೂರಾರು ಕಿಲೋಮೀಟರ್ ದೂರ ಲಕ್ಷದ್ವೀಪದ ಆಚೆ ಇತ್ತು. ಆದರೆ ಡಿಸೆಂಬರ್ 3ರಂದು ಹುಣ್ಣಿಮೆ, ಅದೂ ಚಂದ್ರ ಭೂಮಿಗೆ ಹತ್ತಿರವಿದ್ದ ಹುಣ್ಣಿಮೆ. ದೊಡ್ಡ ಭರತದ ಬೆನ್ನ ಮೇಲೆ ಓಖಿಯ ತೆರೆ ಕೂತು ಬಂತು. ಮಳೆಗಾಲ ಮುಗಿದು ತಿಂಗಳುಗಳಾಗಿದ್ದ ಸಮಯದಲ್ಲಿ ಉಳ್ಳಾಲ, ಸೋಮೇಶ್ವರದ ಮನೆಗಳಿಗೆ ಕಡಲು ನುಗ್ಗಿತು. ತೌಕ್ತೆ ನಮ್ಮ ತೀರ ದಾಟಿದ ಮೇ 15, ಪೆರ್ನಾಲ್ ಕಳೆದು ಎರಡನೇ ದಿನ, ಶವ್ವಾಲ್ 3. ಅದೂ ದೊಡ್ಡ ಭರತದ ದಿನಗಳಲ್ಲೇ.

ಗಾಳಿ ಇಲ್ಲದೆ, ಆಕಾಶ ತಿಳಿಯಾಗಿದ್ದಾಗ ಕಡಲು ನುಗ್ಗುವುದೂ ಉಂಟು. ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ತೆರೆ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ತಲುಪುವುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈಗ ಇದಕ್ಕೂ ಮುನ್ಸೂಚನೆ ಕೊಡುತ್ತದೆ. ಆದ್ದರಿಂದ "ಮಳೆ ಇಲ್ಲ, ಗಾಳಿ ಇಲ್ಲ, ಎಂಥ ಅಲರ್ಟ್" ಎಂದು ಹೇಳಬಾರದು.

ನಮ್ಮ ಊರಿನ ನೆಲದ ಕಥೆ

ಕೋಟೆಪುರದ ಒಂದು ಬದಿ ನೇತ್ರಾವತಿ, ಇನ್ನೊಂದು ಬದಿ ಸಮುದ್ರ. ಬೆಂಗ್ರೆಯ ಒಂದು ಬದಿ ಫಲ್ಗುಣಿ, ಇನ್ನೊಂದು ಬದಿ ಸಮುದ್ರ. ಚಂಡಮಾರುತದ ಜೊತೆ ಘಟ್ಟದಲ್ಲಿ ಜೋರು ಮಳೆಯಾದರೆ ಹೊಳೆ ತುಂಬಿ ಬರುತ್ತದೆ. ಕಡಲು ಉಬ್ಬಿ ನಿಂತಿದ್ದರೆ ಅಳಿವೆಯಲ್ಲಿ ಹೊಳೆಗೆ ಹೊರಗೆ ಹೋಗಲು ದಾರಿಯಿಲ್ಲ. ಆಗ ನೀರು ಹಿಂದಿನಿಂದ ಬರುತ್ತದೆ. ಎಲ್ಲರೂ ಕಡಲಿನ ಬದಿ ನೋಡುತ್ತಿರುವಾಗ ಹಿತ್ತಲಿನಿಂದ ನೀರು ಬಂದರೆ? ಬೆಂಗ್ರೆಯವರಿಗೆ ದಕ್ಕೆಯ ಕಡೆ ದಾಟಲು ಫೆರಿ ಹತ್ತಿರದ ದಾರಿ. ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ. ಉಳಿಯುವುದು ತಣ್ಣೀರುಬಾವಿ, ಕೂಳೂರು ಕಡೆಯ ಸುತ್ತು ದಾರಿ ಮಾತ್ರ. ಇದನ್ನು ಗಾಳಿ ಎದ್ದ ಮೇಲೆ ಯೋಚಿಸಿ ಪ್ರಯೋಜನವಿಲ್ಲ.

ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಕಡಲೊಳಗೆ ರೀಫ್, ದಡದಲ್ಲಿ ಬರ್ಮ್, ಅಳಿವೆಯ ಬ್ರೇಕ್‌ವಾಟರ್ ದುರಸ್ತಿ ಕೆಲಸ ಆಗಿದೆ. ಇದರಿಂದ ಕೆಲವು ಕಡೆ ತೆರೆಯ ಹೊಡೆತ ಕಡಿಮೆಯಾದದ್ದು ನಿಜ. ಆದರೆ ಕಲ್ಲಿನ ಗೋಡೆ ತೆರೆಯನ್ನು ತಡೆಯಬಹುದು, ಕಡಲಿನ ಮಟ್ಟವೇ ಏರಿದರೆ ನೀರು ಗೋಡೆಯ ಮೇಲಿಂದಲೂ ಬದಿಯಿಂದಲೂ ಬರುತ್ತದೆ. ಒಂದು ಕಡೆ ಕಲ್ಲು ಹಾಕಿದರೆ ಕೊರೆತ ಪಕ್ಕದ ಊರಿಗೆ ಸರಿಯುವುದನ್ನೂ ತೀರದ ಜನ ವರ್ಷ ವರ್ಷ ನೋಡುತ್ತಿದ್ದಾರೆ. "ಎದುರು ಕಲ್ಲು ಹಾಕಿದ್ದಾರೆ, ನಮಗೇನೂ ಆಗುವುದಿಲ್ಲ" ಎಂಬ ಧೈರ್ಯ ಅಪಾಯದ್ದು.

ಓಡಿಹೋಗುವ ಜಾಗದ ಬಗ್ಗೆಯೂ ಯೋಚಿಸಬೇಕು. ಸಮುದ್ರಕ್ಕೆ ಹೆದರಿ ಗುಡ್ಡದ ಬುಡದ ಸಂಬಂಧಿಕರ ಮನೆಗೆ ಹೋಗುವುದು ನಮ್ಮಲ್ಲಿ ಸಾಮಾನ್ಯ. 2025ರ ಮೇ 30ರ ಮಳೆಗೆ ಉಳ್ಳಾಲ ತಾಲೂಕಿನ ಮೊಂಟೆಪದವಿನಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ಪುಟ್ಟ ಮಕ್ಕಳೂ ಸೇರಿ ಜೀವ ಹೋಯಿತು. ಆದ್ದರಿಂದ ಹೋಗುವ ಮನೆಯ ಹಿಂದೆ ಕಡಿದ ಗುಡ್ಡ ಇಲ್ಲವೆಂದು ಮೊದಲೇ ನೋಡಿಟ್ಟುಕೊಳ್ಳಬೇಕು.

ಹೊರಡುವ ತೀರ್ಮಾನ ಯಾರದ್ದು?

ಇಡೀ ವಿಷಯದಲ್ಲಿ ನಮ್ಮ ಸಮುದಾಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಮನೆಯ ಯಜಮಾನ ದಮ್ಮಾಮಿನಲ್ಲಿ, ಮಗ ಬೆಂಗಳೂರಿನಲ್ಲಿ. ಮನೆಯಲ್ಲಿ ಇರುವುದು ಉಮ್ಮ, ಸೊಸೆ, ಮೂರು ಮಕ್ಕಳು. ಪಂಚಾಯತಿನವರು ಬಂದು "ಹೊರಡಿ" ಎನ್ನುತ್ತಾರೆ. ಸೊಸೆ ಗಂಡನಿಗೆ ಫೋನ್ ಮಾಡುತ್ತಾಳೆ, ಅವನು ಡ್ಯೂಟಿಯಲ್ಲಿ. ಉಮ್ಮ ಮಗನನ್ನು ಕೇಳದೆ ಮನೆ ಬಿಡುವುದಿಲ್ಲ. ಮಗ ಫೋನ್ ತೆಗೆಯುವಾಗ ಊರಿನಲ್ಲಿ ಟವರ್ ಸತ್ತಿರುತ್ತದೆ. ಎರಡು ಗಂಟೆ ಹೀಗೆ ಹೋದರೆ ದಾರಿಗೆ ನೀರು ಬಂದಿರುತ್ತದೆ.

ಇದು ಕಲ್ಪನೆಯ ಹೆದರಿಕೆಯಲ್ಲ. 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಟ್ಟಗಾಂವ್ ತೀರದಲ್ಲಿ ಸುಮಾರು 1,38,000 ಜನ ತೀರಿಹೋದರು. ಪ್ರಾಯದವರಲ್ಲಿ ಹೆಂಗಸರ ಸಾವಿನ ಪ್ರಮಾಣ ಗಂಡಸರದ್ದಕ್ಕಿಂತ ಹಲವು ಪಟ್ಟು. ಎಚ್ಚರಿಕೆ ಗಂಡಸರು ಸೇರುವ ಜಾಗದಲ್ಲಿ ಹೇಳಲಾಗಿತ್ತು, ಮನೆಯೊಳಗೆ ತಲುಪಿರಲಿಲ್ಲ. ಗಂಡ ಬರಲಿ ಎಂದು ಕಾದವರಿದ್ದರು. ಗಂಡಸರೂ ಹೆಂಗಸರೂ ಒಟ್ಟಿಗೆ ತುಂಬಿದ ಶೆಲ್ಟರಿಗೆ ಹೋಗಲು ಹಿಂಜರಿದವರಿದ್ದರು. ಮಕ್ಕಳನ್ನು ಎತ್ತಿಕೊಂಡು ಓಡಲಾಗದೆ ಉಳಿದವರಿದ್ದರು. ಆ ದೇಶ ಇದರಿಂದ ಪಾಠ ಕಲಿಯಿತು. 1970ರ ಭೋಲಾ ಚಂಡಮಾರುತದ ನಂತರ ಶುರುವಾದ ಅಲ್ಲಿನ ಸ್ವಯಂಸೇವಕ ಪಡೆಯಲ್ಲಿ ಈಗ ಸುಮಾರು 76,000 ಮಂದಿ ಇದ್ದಾರೆ, ಅರ್ಧದಷ್ಟು ಹೆಂಗಸರು. ಅವರು ಮನೆಮನೆಗೆ ಹೋಗಿ ಒಳಗೆ ಇರುವವರಿಗೆ ಹೇಳುತ್ತಾರೆ. ಮಸೀದಿಯ ಮೈಕಿನಲ್ಲಿಯೂ ಹೇಳುತ್ತಾರೆ. 2007ರ ಸಿದರ್ ಕೂಡ ಭಾರೀ ಚಂಡಮಾರುತವೇ. ಸಾವು ಸುಮಾರು 3,400ಕ್ಕೆ ನಿಂತಿತು. ಇದು ಕೂಡ ದೊಡ್ಡ ಸಂಖ್ಯೆಯೇ, ಆದರೆ ಲಕ್ಷದಿಂದ ಇಷ್ಟಕ್ಕೆ ಇಳಿದದ್ದು.

ನಮ್ಮ ದೇಶದ ಒಡಿಶಾ ಇನ್ನೂ ದೊಡ್ಡ ಉದಾಹರಣೆ. 1999ರ ಅಕ್ಟೋಬರಿನ ಸೂಪರ್ ಸೈಕ್ಲೋನಿಗೆ ಅಲ್ಲಿ ಸುಮಾರು 10,000 ಜನ ಸತ್ತರು. 2019ರ ಮೇ 3ರಂದು ಫೋನಿ ಪುರಿಗೆ ಅಪ್ಪಳಿಸುವ ಮುಂಚೆ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿದರು. ಸಾವು ನೂರನ್ನು ಮುಟ್ಟಲಿಲ್ಲ. ಸಮುದ್ರ ಅದೇ. ಬದಲಾದದ್ದು ಜನ ಸಮಯಕ್ಕೆ ಮನೆ ಬಿಟ್ಟು ಹೊರಟದ್ದು.

ಹಾಗಾಗಿ ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಕೂತಿರುವ ಗಂಡಸರಿಗೆ ಒಂದು ಮಾತು. ಇವತ್ತೇ ಮನೆಗೆ ಫೋನ್ ಮಾಡಿ ಹೇಳಿಬಿಡಿ: "ರೆಡ್ ಅಲರ್ಟ್ ಬಂದರೆ, ಪಂಚಾಯತು ಅಥವಾ ಪೊಲೀಸರು ಹೇಳಿದರೆ, ನನ್ನನ್ನು ಕೇಳಲು ಕಾಯಬೇಡಿ. ಹೊರಡಿ. ತಲುಪಿದ ಮೇಲೆ ಹೇಳಿದರೆ ಸಾಕು." ಉಮ್ಮನ ಎದುರಿಗೆ, ಅವರಿಗೆ ಕೇಳುವ ಹಾಗೆ ಹೇಳಿ. ಈ ಒಂದು ಮಾತಿಗೆ ದುಡ್ಡು ಬೇಡ. ಆದರೆ ಅದು ಮೊದಲೇ ಹೇಳಿರದಿದ್ದರೆ ಬೇರೆ ಯಾವ ತಯಾರಿಯೂ ಉಪಯೋಗಕ್ಕೆ ಬರುವುದಿಲ್ಲ.

"ಆಗುವುದು ಆಗುತ್ತದೆ, ಪಡೆದವನ ಇಚ್ಛೆ" ಎಂದು ಮನೆಯಲ್ಲೇ ಕೂರುವ ಹಿರಿಯರೂ ಇದ್ದಾರೆ. ಅವರ ಈಮಾನಿಗೆ ಗೌರವ ಇರಲಿ. ಆದರೆ ಒಂಟೆಯನ್ನು ಮೊದಲು ಕಟ್ಟು, ಆಮೇಲೆ ತವಕ್ಕುಲ್ ಇಡು ಎಂಬ ಪಾಠವನ್ನು ಮದ್ರಸದ ಸಣ್ಣ ತರಗತಿಯ ಮಕ್ಕಳೂ ಕಲಿಯುತ್ತಾರೆ. ಜೋರು ಮಳೆ ಗಾಳಿಯ ರಾತ್ರಿ ಜನ ಮಸೀದಿಗೆ ಬರದೆ ಇದ್ದಲ್ಲಿಯೇ ನಮಾಜ್ ಮಾಡಲಿ ಎಂದು ಸಾರಿಸಿದ ಸಂಪ್ರದಾಯವೇ ನಮ್ಮಲ್ಲಿ ಉಂಟು. ಜೀವ ಉಳಿಸಿಕೊಳ್ಳುವುದು ಈಮಾನಿಗೆ ವಿರುದ್ಧವಲ್ಲ.

ಮುನ್ಸೂಚನೆ ಓದುವ ಬಗೆ

ಹವಾಮಾನ ಇಲಾಖೆ ಚಂಡಮಾರುತದ ವಿಷಯವನ್ನು ಹಂತ ಹಂತವಾಗಿ ಹೇಳುತ್ತದೆ. ಸಾಧ್ಯತೆ ಕಂಡಾಗ ಮೊದಲ ಸೂಚನೆ. ಕೆಟ್ಟ ಹವೆ ಶುರುವಾಗುವ ಕನಿಷ್ಠ 48 ಗಂಟೆ ಮುಂಚೆ ಅಲರ್ಟ್, ಅದಕ್ಕೆ ಹಳದಿ ಬಣ್ಣ. 24 ಗಂಟೆ ಮುಂಚೆ ಎಚ್ಚರಿಕೆ, ಅದಕ್ಕೆ ಕಿತ್ತಳೆ. ನೆಲ ಮುಟ್ಟುವ 12 ಗಂಟೆ ಮುಂಚೆಯಿಂದ ಕೆಂಪು. ಇದನ್ನು ಮನೆಯ ಲೆಕ್ಕಕ್ಕೆ ಹೀಗೆ ಇಳಿಸಿಕೊಳ್ಳಬಹುದು: ಹಳದಿಗೆ ಸಾಮಾನು ಜೋಡಿಸುವುದು, ಕಿತ್ತಳೆಗೆ ಹಿರಿಯರು, ಬಸುರಿಯರು, ಹಸುಗೂಸುಗಳನ್ನು ಮೊದಲೇ ಕಳಿಸುವುದು, ಕೆಂಪಿಗೆ ಮನೆಯಲ್ಲಿ ಯಾರೂ ಇರಬಾರದು.

ಹೊರಡುವುದು ಬೆಳಕಿದ್ದಾಗಲೇ. ಭರತ ದಿನಕ್ಕೆ ಎರಡು ಸಲ, ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಬರುತ್ತದೆ. ಇವತ್ತಿನದಕ್ಕಿಂತ ನಾಳೆಯದ್ದು ಸುಮಾರು 50 ನಿಮಿಷ ತಡ. ಭರತ ಏರುವ ಎರಡು ಮೂರು ಗಂಟೆ ಮುಂಚೆ ದಾರಿ ಬಿಟ್ಟಾಗಿರಬೇಕು. ಇನ್ನೊಂದು ಎಚ್ಚರಿಕೆ: ಬಿರುಗಾಳಿಯ ಮಧ್ಯೆ ಒಮ್ಮೆಗೇ ಎಲ್ಲ ಶಾಂತವಾದರೆ ಮುಗಿಯಿತೆಂದು ಮನೆಗೆ ಓಡಬೇಡಿ. ಅದು ಚಂಡಮಾರುತದ ಕಣ್ಣು ಹಾದುಹೋಗುವ ಹೊತ್ತಾಗಿರಬಹುದು. ಸ್ವಲ್ಪದರಲ್ಲೇ ಗಾಳಿ ಎದುರು ದಿಕ್ಕಿನಿಂದ ತಿರುಗಿ ಬರುತ್ತದೆ.

ವಾಟ್ಸ್ಆ್ಯಪಿನಲ್ಲಿ ಹಳೆಯ ವಿಡಿಯೋ, ಬೇರೆ ದೇಶದ ವಿಡಿಯೋ ತುಂಬ ಬರುತ್ತದೆ. ಹವಾಮಾನ ಇಲಾಖೆ, ಜಿಲ್ಲಾಡಳಿತ, ಮಂಗಳೂರು ಆಕಾಶವಾಣಿ ಹೇಳಿದ್ದನ್ನು ಮಾತ್ರ ಮುಂದೆ ಕಳಿಸಿ. ಕೇಂದ್ರ ಸರಕಾರದ ಸಚೇತ್ ಆ್ಯಪಿನಲ್ಲಿ ನಮ್ಮ ಜಿಲ್ಲೆ ಹಾಕಿಟ್ಟರೆ ಪದ್ಮನಾಭನಗರದಲ್ಲಿ ಕೂತವರಿಗೂ ಊರಿನ ಎಚ್ಚರಿಕೆ ಬರುತ್ತದೆ.

ಮನೆಯಲ್ಲಿ ಮಾಡಿಡಬೇಕಾದದ್ದು

ಮೊದಲು ದಾಖಲೆ. ನಮ್ಮ ಮನೆಗಳಲ್ಲಿ ಒಂದು ಕಪಾಟಿನ ಕೆಳಗಿನ ಖಾನೆಯಲ್ಲೇ ಎಲ್ಲ ಇರುತ್ತದೆ: ಪಾಸ್‌ಪೋರ್ಟ್, ಆಧಾರ್, ರೇಷನ್ ಕಾರ್ಡ್, ಹಕ್ಕುಪತ್ರ, ಪಹಣಿ, ನಿಕಾಹ್ ಸರ್ಟಿಫಿಕೇಟ್, ಮಕ್ಕಳ ಮಾರ್ಕ್ಸ್ ಕಾರ್ಡ್. ಮೊದಲು ನೀರು ಮುಟ್ಟುವುದೂ ಆ ಖಾನೆಯನ್ನೇ. ಅವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಇನ್ನೊಂದು ಚೀಲದಲ್ಲಿ ಸುತ್ತಿ ಎತ್ತರದಲ್ಲಿಡಿ. ಎಲ್ಲದರ ಫೋಟೋ ಬೆಂಗಳೂರಿನಲ್ಲಿರುವ ಒಬ್ಬರ ಫೋನಿನಲ್ಲಿ, ಗಲ್ಫಿನಲ್ಲಿರುವ ಒಬ್ಬರ ಫೋನಿನಲ್ಲಿ ಇರಲಿ. ಆಧಾರ್, ಮಾರ್ಕ್ಸ್ ಕಾರ್ಡ್‌ನಂಥವು ಡಿಜಿಲಾಕರಿನಲ್ಲಿಯೂ ಸಿಗುತ್ತವೆ. ಚಿನ್ನ, ಸ್ವಲ್ಪ ನಗದು ಒಂದೇ ಸಣ್ಣ ಚೀಲದಲ್ಲಿ. ಕರೆಂಟು ಹೋದರೆ ಎಟಿಎಂ, ಫೋನ್ ಪೇ ಎರಡೂ ನಿಲ್ಲುತ್ತವೆ.

ಹೊರಡುವ ಚೀಲದಲ್ಲಿ ಇರಬೇಕಾದದ್ದು: ಬಿಪಿ, ಸಕ್ಕರೆ ಕಾಯಿಲೆಯ ಮದ್ದು ಕನಿಷ್ಠ ಒಂದು ವಾರಕ್ಕೆ, ವೈದ್ಯರ ಚೀಟಿಯ ಜೊತೆ. ಇನ್ಸುಲಿನ್ ಇದ್ದರೆ ತಣ್ಣಗಿಡುವ ಡಬ್ಬಿ. ಟಾರ್ಚ್, ಪವರ್ ಬ್ಯಾಂಕ್, ಬ್ಯಾಟರಿ ರೇಡಿಯೋ. ಅವಲಕ್ಕಿ, ಖರ್ಜೂರ, ಬಿಸ್ಕೆಟಿನಂತೆ ಬೇಯಿಸದೆ ತಿನ್ನುವ ತಿಂಡಿ. ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರಿನಂತೆ ಮೂರು ದಿನದ ನೀರು ಬೇಕಾಗುತ್ತದೆ; ಹೊರಲಾಗದಿದ್ದರೆ ಹೋಗುವ ಮನೆಯಲ್ಲಿ ಮೊದಲೇ ತುಂಬಿಡಬಹುದು. ಮಗುವಿನ ಬಟ್ಟೆ, ಹೆಂಗಸರ ಅಗತ್ಯದ ವಸ್ತುಗಳು. ಮುಖ್ಯ ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದಿಡಿ: ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿ 1077, ಕೋಸ್ಟ್ ಗಾರ್ಡ್ 1554, ವಿದ್ಯುತ್ತಿಗೆ 1912.

ಹೊರಡುವ ಮುಂಚೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಗ್ಯಾಸ್ ರೆಗ್ಯುಲೇಟರ್ ಮುಚ್ಚಿ, ಸಿಲಿಂಡರನ್ನು ಕಿಟಕಿಯ ಸರಳಿಗೋ ಕಂಬಕ್ಕೋ ಕಟ್ಟಿ. ನೀರು ಬಂದರೆ ಸಿಲಿಂಡರ್ ತೇಲಿ ಹೋಗುತ್ತದೆ. ಆಡು, ದನ, ಕೋಳಿಯನ್ನು ಕಟ್ಟಿ ಹಾಕಿ ಹೋಗಬಾರದು, ಬಿಚ್ಚಿ ಬಿಡಬೇಕು ಅಥವಾ ಜೊತೆಗೆ ಒಯ್ಯಬೇಕು. ಮನೆಯ ಸುತ್ತ ಇರುವ ತೆಂಗಿನ ಒಣ ಮಡಲು, ಬಲಿತ ಕಾಯಿಯನ್ನು ಮೇ ತಿಂಗಳಿಗೆ ಮುಂಚೆಯೇ ಇಳಿಸಿ. ಸಡಿಲ ಶೀಟು, ಬಕೆಟು, ಕುರ್ಚಿ ಗಾಳಿಗೆ ಹಾರಿ ಪಕ್ಕದವರ ತಲೆಗೆ ಬೀಳದಂತೆ ಒಳಗೆ ಹಾಕಿ.

ಮರಳಿ ಬರುವಾಗ ಬಿದ್ದ ತಂತಿಯ ಹತ್ತಿರ ಹೋಗಬೇಡಿ; ಮೆಸ್ಕಾಂನವರು ಬಂದು ನೋಡುವವರೆಗೆ ಸ್ವಿಚ್ ಮುಟ್ಟಬೇಡಿ. ಬಾವಿಗೆ ಕಡಲಿನ ನೀರು, ಶೌಚ ಗುಂಡಿಯ ನೀರು ಸೇರಿರುತ್ತದೆ. ಪಂಪಿನಿಂದ ತೆಗೆದು, ಬ್ಲೀಚಿಂಗ್ ಪುಡಿ ಹಾಕಿ, ಆರೋಗ್ಯ ಇಲಾಖೆಯವರು ಪರೀಕ್ಷೆ ಮಾಡುವವರೆಗೆ ಕುಡಿಯಲು ಬಳಸಬಾರದು. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ.

ಪರಿಹಾರದ ಲೆಕ್ಕದಲ್ಲಿ ಒಂದು ತೊಡಕು

ಮನೆ ಹೋದವರು ತಿಳಿದಿರಬೇಕಾದ ವಿಷಯ ಇದು. ವಿಪತ್ತು ಪರಿಹಾರ ನಿಧಿಯಿಂದ ದುಡ್ಡು ಕೊಡಲು ಕೇಂದ್ರ ಸರಕಾರ ಮಾಡಿದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ ಇದೆ, ಪ್ರವಾಹ ಇದೆ, ಸುನಾಮಿ ಇದೆ. ವರ್ಷ ವರ್ಷ ನಡೆಯುವ ಕಡಲ್ಕೊರೆತ ಹಾಗೆ ಸೇರಿಲ್ಲ. 15ನೇ ಹಣಕಾಸು ಆಯೋಗ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ಮನೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಇಡೀ ದೇಶಕ್ಕೆಂದು ಶಿಫಾರಸು ಮಾಡಿದೆ. ಆದರೆ ಅದು ಒಂದು ಮನೆಗೆ ತಲುಪುವ ದಾರಿ ಉದ್ದ. ಆದ್ದರಿಂದ ನಷ್ಟವಾದ ದಿನ, ಸಮಯ, ಆ ದಿನ ಇದ್ದ ಚಂಡಮಾರುತದ ಹೆಸರು ಅರ್ಜಿಯಲ್ಲಿ ಸ್ಪಷ್ಟವಾಗಿರಬೇಕು. ಮನೆಯ ಹಿಂದಿನ ಸ್ಥಿತಿಯ ಫೋಟೋ ಈಗಲೇ ತೆಗೆದಿಡಿ, ಹಾನಿಯ ನಂತರದ ಫೋಟೋ ಶುಚಿ ಮಾಡುವ ಮುಂಚೆ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದಾಗ ಪ್ರತಿ ಕೇಳಿ ಪಡೆಯಿರಿ. ಜಾಗದ ದಾಖಲೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ, ಈಗಲೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. 2021ರ ಏಪ್ರಿಲಿನಿಂದ ಬಂದ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆಯಲ್ಲಿ ಚಂಡಮಾರುತ, ನೆರೆ ಎರಡೂ ಸೇರಿದೆ. ವಿಮೆಯ ವಿಷಯದಲ್ಲಿ ಸಂಶಯವಿದ್ದವರು ತಮ್ಮ ಖತೀಬರಲ್ಲಿ ಕೇಳಿ ತೀರ್ಮಾನಿಸಲಿ.

ಜಮಾಅತ್ ಮತ್ತು ಬೆಂಗಳೂರಿನವರ ಕೆಲಸ

ತೀರದ ಜಮಾಅತ್ ಕಮಿಟಿಗಳ ಹತ್ತಿರ ಎರಡು ವಸ್ತು ಇದೆ, ಸರಕಾರದ ಹತ್ತಿರ ಇಲ್ಲದ್ದು: ಪ್ರತಿ ಮನೆಯ ಪಟ್ಟಿ, ಮತ್ತು ಮಿನಾರದ ಮೈಕ್. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ಗಂಡಸರಿಲ್ಲ, ಯಾರ ಹತ್ತಿರ ಪಿಕಪ್ ಉಂಟು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಆದಂತೆ. ನಗರಸಭೆ, ಪುರಸಭೆಯವರಲ್ಲಿ ಕಾಳಜಿ ಕೇಂದ್ರ ಯಾವುದೆಂದು ಮಳೆಗಾಲಕ್ಕೆ ಮುಂಚೆ ಕೇಳಿ ತಿಳಿಯಬೇಕು. ಅಲ್ಲಿ ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯ ಉಂಟೋ ಎಂದು ನಮ್ಮ ಹೆಂಗಸರೇ ಹೋಗಿ ನೋಡಿ ಬರಲಿ. ಅದೊಂದು ಸರಿಯಿದ್ದರೆ ಹೊರಡಲು ಹಿಂಜರಿಯುವವರು ಅರ್ಧ ಕಡಿಮೆಯಾಗುತ್ತಾರೆ. ಎತ್ತರದ ಮದ್ರಸ ಕಟ್ಟಡಗಳನ್ನೂ, ಮೊಗವೀರ ಪಟ್ಟಣದ ಶಾಲೆಗಳನ್ನೂ ಎಲ್ಲರಿಗೆ ತೆರೆದಿಡುವ ಮಾತು ಎರಡೂ ಕಡೆಯ ಹಿರಿಯರ ಮಧ್ಯೆ ಮೊದಲೇ ಆಗಲಿ. ಕಡಲು ಬಾಗಿಲು ತಟ್ಟುವಾಗ ಜಾತಿ ಕೇಳುವುದಿಲ್ಲ.

ಬೆಂಗಳೂರಿನವರು ಮಾಡಬೇಕಾದದ್ದು ಸ್ವಲ್ಪ ಬೇರೆ. ಸುದ್ದಿ ಕೇಳಿ ರಾತ್ರಿಯೇ ಕಾರು ಹತ್ತಿ ಹೊರಡುವುದು ಸಹಾಯವಲ್ಲ. ಮಂಗಳೂರು ಸುಮಾರು 350 ಕಿಲೋಮೀಟರ್ ದೂರ, ಮಧ್ಯದಲ್ಲಿ ಶಿರಾಡಿ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜಾರಿ ದಾರಿ ನಿಂತದ್ದು ನೆನಪಿರಬಹುದು. ಘಟ್ಟದಲ್ಲಿ ಸಿಕ್ಕಿಬಿದ್ದ ಮಗ ಉಮ್ಮನಿಗೆ ಇನ್ನೊಂದು ಚಿಂತೆ. ಅದಕ್ಕಿಂತ ಹಳದಿ ಸೂಚನೆ ಬಂದಾಗಲೇ ಉಮ್ಮನನ್ನು ದೇರಳಕಟ್ಟೆಯ ಅಥವಾ ಬೇರೆ ಎತ್ತರದ ಸಂಬಂಧಿಕರ ಮನೆಗೆ ಕಳಿಸುವ ಆಟೋ ಖರ್ಚು ಕಳಿಸುವುದು, ಅಲ್ಲಿಯವರ ಜೊತೆ ಮಾತಾಡಿಡುವುದು, ದಾಖಲೆಯ ಪ್ರತಿ ಇಟ್ಟುಕೊಳ್ಳುವುದು, ಯಾರು ಎಲ್ಲಿ ತಲುಪಿದರೆಂದು ಲೆಕ್ಕ ಇಡುವುದು ಹೆಚ್ಚು ಉಪಯೋಗ. ಊರಿನಲ್ಲಿ ಟವರ್ ಸತ್ತಾಗ ಎಲ್ಲರ ಸುದ್ದಿ ಕೂಡಿಸಿಡುವ ಒಂದು ನಂಬರು ಬೆಂಗಳೂರಿನಲ್ಲಿ ಇರುವುದು ದೊಡ್ಡ ನೆರವು.

ಉಮ್ಮ ಮನೆ ಬಿಡಲು ಒಪ್ಪದಿರುವುದು ಹಠಕ್ಕಲ್ಲ. ಆ ಮನೆಯ ಒಂದೊಂದು ಕಲ್ಲಿಗೆ ಎಷ್ಟು ವರ್ಷ ಮಗನ ಮುಖ ನೋಡದೆ ಇದ್ದೆ ಎಂದು ಅವರಿಗೆ ಗೊತ್ತು. ಅದಕ್ಕೇ ಈ ಮಾತನ್ನು ಮಕ್ಕಳೇ ಹೇಳಬೇಕು, ಮೊದಲೇ ಹೇಳಬೇಕು: ಮನೆ ಹೋದರೆ ಇನ್ನೊಂದು ಮನೆಗೆ ದುಡಿಯುವ ಕೈಗಳು ನಮ್ಮಲ್ಲಿ ಇವೆ. ಈ ಶುಕ್ರವಾರ ಊರಿಗೆ ಫೋನ್ ಮಾಡುವಾಗ "ಊಟ ಆಯಿತಾ" ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಕಡಲು ಏರಿದರೆ ಯಾವ ದಾರಿಯಲ್ಲಿ, ಯಾರ ಜೊತೆ, ಎಲ್ಲಿಗೆ ಹೋಗುತ್ತೀರಿ? ಉತ್ತರ ಇಲ್ಲದಿದ್ದರೆ ಫೋನ್ ಇಡುವ ಮೊದಲು ಇಬ್ಬರೂ ಸೇರಿ ಒಂದು ಉತ್ತರ ಮಾಡಿಕೊಳ್ಳಿ.